ಮಿಸೆಸ್ ಬಿ: ಅಸಲಿನ ಮೇಲೆ ನೂರಕ್ಕೆ ಹತ್ತು



ರೋಸ್ ಬ್ಲಮ್‌ಕಿನ್ ತೀರಿಕೊಂಡದ್ದು 1998ರ ಆಗಸ್ಟ್‌ನಲ್ಲಿ. ಅಮೆರಿಕದ ಒಮಾಹಾ ಊರಿನಲ್ಲಿ ‘ಮಿಸೆಸ್ ಬಿ’ ಅಂದರೆ ಸಾಕಿತ್ತು, ಪೂರ್ತಿ ಹೆಸರು ಯಾರಿಗೂ ಬೇಕಿರಲಿಲ್ಲ. ಬದುಕಿದ್ದು 104 ವರ್ಷ, ಫರ್ನಿಚರ್ ಅಂಗಡಿಯಲ್ಲಿ ದುಡಿದದ್ದು 103ರವರೆಗೆ. ಆಕೆಯ ಬಗ್ಗೆ ಬರೆಯುವವರೆಲ್ಲ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್‌ನಿಂದ ಶುರು ಮಾಡುತ್ತಾರೆ. ಬಫೆಟ್ ಅಂಗಡಿ ಕೊಂಡಾಗ ಆಕೆಗೆ 89. ನೋಡಬೇಕಾದದ್ದು ಅದಕ್ಕೂ ಮೊದಲಿನ ಲೆಕ್ಕ.

ಹುಟ್ಟಿದ್ದು 1893ರ ಡಿಸೆಂಬರ್ 3ರಂದು, ಆಗಿನ ರಷ್ಯಾ ಸಾಮ್ರಾಜ್ಯದ ಶೆಡ್ರಿನ್ ಹಳ್ಳಿಯಲ್ಲಿ. ಅದು ಈಗ ಬೆಲಾರುಸ್‌ನಲ್ಲಿದೆ. ಅಪ್ಪ ರಬ್ಬಿ, ಅಂದರೆ ಯೆಹೂದಿ ಧರ್ಮಗುರು. ಸಂಸಾರ ತೂಗಿದ್ದು ಮಾತ್ರ ಅಮ್ಮನ ಪುಟ್ಟ ಕಿರಾಣಿ ಅಂಗಡಿಯಿಂದ. ಎಂಟು ಮಕ್ಕಳು, ಒಣಹುಲ್ಲಿನ ಹಾಸಿಗೆ, ಶಾಲೆಯ ಮಾತೇ ಇಲ್ಲ. 13ನೇ ವಯಸ್ಸಿಗೆ ಕೆಲಸ ಹುಡುಕಿ ಹೊರಟವಳು ರೈಲು ನಿಲ್ದಾಣದವರೆಗೆ 18 ಮೈಲಿ ಬರಿಗಾಲಲ್ಲಿ ನಡೆದಳು. ಅಟ್ಟೆ ಸವೆಯಬಾರದೆಂದು ಬೂಟು ಹೆಗಲ ಮೇಲೆ. ಗೋಮೆಲ್ ಪಟ್ಟಣದ ಅಂಗಡಿಯೊಂದರಲ್ಲಿ ಸೇರಿ, 16ಕ್ಕೆಲ್ಲ ಆರು ಮಂದಿ ಮದುವೆಯಾದ ಗಂಡಸರ ಮೇಲ್ವಿಚಾರಕಿ.

1914ರಲ್ಲಿ ಇಸಡೋರ್ ಬ್ಲಮ್‌ಕಿನ್ ಜೊತೆ ಮದುವೆ. ಮಹಾಯುದ್ಧದ ಸೈನ್ಯ ಭರ್ತಿ ತಪ್ಪಿಸಿಕೊಳ್ಳಲು ಗಂಡ ಮೊದಲು ಅಮೆರಿಕಕ್ಕೆ ಹೋದ. ಇಬ್ಬರಿಗೂ ಸಾಕಾಗುವಷ್ಟು ದುಡ್ಡಿರಲಿಲ್ಲ. ಆಕೆ ಹೊರಟದ್ದು ಪೂರ್ವದ ದಾರಿಯಲ್ಲಿ, ಸೈಬೀರಿಯಾದ ರೈಲು ಹಿಡಿದು. ಚೀನಾ ಗಡಿಯಲ್ಲಿ ಪಾಸ್‌ಪೋರ್ಟ್ ಕೇಳಿದರು, ಇರಲಿಲ್ಲ. ಸೈನ್ಯಕ್ಕೆ ಚರ್ಮ ಕೊಳ್ಳಲು ಹೋಗುತ್ತಿದ್ದೇನೆ, ಬರುವಾಗ ನಿನಗೊಂದು ದೊಡ್ಡ ಮದ್ಯದ ಬಾಟಲಿ ತರುತ್ತೇನೆ ಎಂದು ಕಾವಲುಗಾರನಿಗೆ ಹೇಳಿ ದಾಟಿದಳು. ಆ ಬಾಟಲಿ ಅವನಿಗೆ ಸಿಗಲಿಲ್ಲ. ಜಪಾನಿನಿಂದ ಕಡಲೆಕಾಯಿ ಸಾಗಿಸುವ ಹಡಗಿನಲ್ಲಿ ಸುಮಾರು ಆರು ವಾರ ಕಳೆದು, 1917ರಲ್ಲಿ ಅಮೆರಿಕದ ಸಿಯಾಟಲ್ ಮುಟ್ಟಿದಳು. ಅಲ್ಲಿಂದ ಅಯೋವಾದ ಫೋರ್ಟ್ ಡಾಡ್ಜ್, 1919ರಲ್ಲಿ ಒಮಾಹಾ. ಅಲ್ಲಿ ಯೆಹೂದಿಗಳ ಭಾಷೆಯಾದ ಯಿಡ್ಡಿಷ್ ಆಡುವ ಜನರಿದ್ದರು. ಇಂಗ್ಲಿಷ್ ಕಲಿಸಿದ್ದು ಹಿರಿಮಗಳು: ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ಮನೆಗೆ ಬಂದು ಅಮ್ಮನಿಗೆ ಒಪ್ಪಿಸುತ್ತಿದ್ದಳು. ದುಡ್ಡು ಕೂಡಿದಂತೆ ತಂದೆತಾಯಿ, ಒಡಹುಟ್ಟಿದವರನ್ನೂ ಕರೆಸಿಕೊಂಡಳು.

ಗಂಡನದು ಹಳೆಬಟ್ಟೆ ಅಂಗಡಿ. 1930ರ ದಶಕದ ಮಹಾ ಕುಸಿತದಲ್ಲಿ ಗಿರಾಕಿಯೇ ಇಲ್ಲದಾಗ ಆಕೆ 10,000 ಕರಪತ್ರ ಹಂಚಿಸಿದಳು: 5 ಡಾಲರಿಗೆ ಗಂಡಸಿನ ತಲೆಯಿಂದ ಕಾಲಿನವರೆಗಿನ ಉಡುಪು. ಗಿರಾಕಿಗಳು ಬಂದರು. 1937ರಲ್ಲಿ, 43ನೇ ವಯಸ್ಸಿನಲ್ಲಿ, 500 ಡಾಲರ್ ಹಾಕಿ ನೆಲಮಾಳಿಗೆಯೊಂದರಲ್ಲಿ ‘ನೆಬ್ರಾಸ್ಕಾ ಫರ್ನಿಚರ್ ಮಾರ್ಟ್’ ತೆರೆದಳು. ಸಾಲ ಕೊಟ್ಟವರ ಬಾಕಿ ತೀರಿಸಲು ಒಮ್ಮೆ ಸ್ವಂತ ಮನೆಯ ಮೇಜು ಕುರ್ಚಿಗಳನ್ನೇ ಮಾರಿದ್ದುಂಟು. ಶಾಲೆಯಿಂದ ಬಂದ ಮಕ್ಕಳಿಗೆ ಕೂರಲು ಕುರ್ಚಿ ಇಲ್ಲ!

ವ್ಯಾಪಾರದ ಸೂತ್ರ ಎರಡೇ ತುಂಡು: ಅಗ್ಗವಾಗಿ ಮಾರು, ನಿಜ ಹೇಳು. ಇದನ್ನು ಗೋಡೆಗೆ ಬರೆಸುವವರು ಬಹಳ, ಲೆಕ್ಕ ಹಾಕುವವರು ಕಡಿಮೆ. 100 ಡಾಲರ್ ಅಸಲಿನ ಸರಕಿಗೆ ಹತ್ತು ಪರ್ಸೆಂಟ್ ಸೇರಿಸಿ 110 ಹಾಕಿ, ವರ್ಷಕ್ಕೆ ಆರು ಸಲ ತಿರುಗಿಸಿದರೆ, ಅಂದರೆ ಮಾರಿ ಮತ್ತೆ ತುಂಬಿದರೆ, ಹುಟ್ಟುವ ಲಾಭ 60. ನೆರೆಯವನು 150 ಹಾಕಿ ಒಂದೇ ಸಲ ತಿರುಗಿಸಿದರೆ 50. ತಿರುಗುವವರೆಗೂ ಚೆಂದ. ತಿರುಗದೆ ನಿಂತರೆ ಹತ್ತು ಪರ್ಸೆಂಟಿನಲ್ಲಿ ಬಾಡಿಗೆಗೇ ಸಾಲದು. 1950ರಲ್ಲಿ ಕೊರಿಯಾ ಯುದ್ಧದ ಹೊತ್ತಿಗೆ ಆದದ್ದು ಇದೇ: ಮಾರಾಟ ತಗ್ಗಿತು, ಸಗಟಿನವರ ಬಿಲ್ಲು ಬಾಕಿ ಬಿತ್ತು. ಪರಿಚಯದ ಬ್ಯಾಂಕರ್ ಒಬ್ಬರು 90 ದಿನದ ವಾಯಿದೆಗೆ 50,000 ಡಾಲರ್ ಕೊಟ್ಟರು. ಆಕೆ ಊರಿನ ಸಭಾಭವನ ಬಾಡಿಗೆಗೆ ಹಿಡಿದು ಮೂರು ದಿನದಲ್ಲಿ 2,50,000 ಡಾಲರಿನ ಸರಕು ಮಾರಿದಳು. ಇನ್ನು ಮುಂದೆ ಸಾಲವಿಲ್ಲ ಎಂದು ತೀರ್ಮಾನಿಸಿದ್ದೂ ಆಗಲೇ. ಇಸಡೋರ್ ತೀರಿಕೊಂಡದ್ದೂ ಅದೇ ವರ್ಷ. ಎರಡನೇ ಮಹಾಯುದ್ಧದಿಂದ ಮರಳಿದ ಮಗ ಲೂಯಿ ಜೊತೆಗಿದ್ದ.

ಹೊರಗಿನ ಕಾಟ ಬೇರೆ. ತಯಾರಕರು ಹೇಳಿದ ಕನಿಷ್ಠ ಬೆಲೆಗಿಂತ ಕೆಳಗೆ ಮಾರಬಾರದೆಂಬ ಒಪ್ಪಂದಗಳಿಗೆ ಆಗ ಅಮೆರಿಕದ ಕಾನೂನಿನ ರಕ್ಷೆಯಿತ್ತು. 1937ರ ಆ ಕಾಯ್ದೆ ರದ್ದಾದದ್ದು 1975ರಲ್ಲಿ. ಊರಿನ ದೊಡ್ಡ ಅಂಗಡಿಗಳ ಒತ್ತಡಕ್ಕೆ ಸಗಟಿನವರು ಸರಕು ನಿಲ್ಲಿಸಿದಾಗ ಆಕೆ ಬೇರೆ ಊರಿನ ಅಂಗಡಿಗಳಿಂದಲೇ ಕೊಂಡು ತಂದಳು. ಷಿಕಾಗೋದ ಮಾರ್ಷಲ್ ಫೀಲ್ಡ್ ಎಂಬ ದೊಡ್ಡ ಅಂಗಡಿಯಿಂದ 3 ಡಾಲರಿನಂತೆ 3,000 ಗಜ ಕಾರ್ಪೆಟ್ ತಂದು 3.95ಕ್ಕೆ ಮಾರಿದಳು, ಊರಿನಲ್ಲಿ 7.95 ಇದ್ದಾಗ. ತಯಾರಕರಾದ ಮೊಹಾಕ್ ಕಂಪನಿ ದಾವೆ ಹೂಡಿತು. ಎಲ್ಲವನ್ನೂ ಅಸಲಿನ ಮೇಲೆ ಹತ್ತು ಪರ್ಸೆಂಟಿಗೆ ಮಾರುತ್ತೇನೆ, ತಪ್ಪೇನು ಎಂಬುದು ಆಕೆಯ ವಾದ. ನ್ಯಾಯಾಧೀಶರು ದಾವೆ ವಜಾ ಮಾಡಿ, ಮರುದಿನ ಬಂದು 1,400 ಡಾಲರಿನ ಕಾರ್ಪೆಟ್ ಕೊಂಡರು. ಒಂದು ತಕರಾರು ಮಾತ್ರ ಉಳಿಯುತ್ತದೆ: 3 ಡಾಲರಿನ ಮೇಲೆ ಹತ್ತು ಪರ್ಸೆಂಟ್ ಅಂದರೆ 3.30, 3.95 ಅಲ್ಲ. ಸಾಗಣೆ, ಕೂಲಿ ಸೇರಿಸಿದರೂ ಅಷ್ಟಾಗುವುದು ಕಷ್ಟ. ಹತ್ತು ಪರ್ಸೆಂಟ್ ಆಕೆಯ ಧೋರಣೆಯಾಗಿತ್ತು, ಪ್ರತಿ ಚೀಟಿಯ ಮೇಲಿನ ಅಂಕಿ ಅಲ್ಲ ಎಂದೇ ಓದಿಕೊಳ್ಳಬೇಕು.

ಕಾರ್ಪೆಟ್ ಆಕೆಯ ಖಾಸಾ ವಿಭಾಗ. ಕೋಣೆ ಅಳೆಯುವುದು ಅಡಿಯಲ್ಲಿ, ಬೆಲೆ ಕಟ್ಟುತ್ತಿದ್ದದ್ದು ಚದರ ಗಜದಲ್ಲಿ, ಒಂದು ಚದರ ಗಜಕ್ಕೆ ಒಂಬತ್ತು ಚದರಡಿ. 12 ಅಡಿಗೆ 14 ಅಡಿ ಕೋಣೆ ಅಂದರೆ 168 ಚದರಡಿ, 18 ಮತ್ತು ಮೂರನೇ ಎರಡು ಗಜ, 3.95ರಂತೆ 73.73 ಡಾಲರ್, 7.95ರಂತೆ 148.40. ಇಂಥದ್ದನ್ನು ಆಕೆ ಕಾಗದವಿಲ್ಲದೆ ಹೇಳುತ್ತಿದ್ದಳು, ಕಾಲು-ಅರೆ-ಮುಕ್ಕಾಲಿನ ಮಗ್ಗಿ ಬಾಯಿಗೆ ಬರುತ್ತಿದ್ದ ನಮ್ಮ ಹಳೆ ಶೆಟ್ಟರ ಹಾಗೆ. ಆದರೆ ಗುಣಾಕಾರ ಈ ಕಸುಬಿನ ಸುಲಭದ ಭಾಗ. ಸುರುಳಿಯ ಅಗಲ ಸಾಮಾನ್ಯವಾಗಿ 12 ಅಡಿ. ಕೋಣೆ 13ಕ್ಕೆ 14 ಆದರೆ ಒಂದಡಿ ಕಡಿಮೆ. ಇನ್ನೊಂದು 14 ಅಡಿಯ ತುಂಡು ಕತ್ತರಿಸಿದರೆ 37 ಗಜ ದಾಟುತ್ತದೆ, ಹೆಚ್ಚಿನದೆಲ್ಲ ಚೂರು. ಮೂರೂವರೆ ಅಡಿ ಮಾತ್ರ ಕತ್ತರಿಸಿ, ಅದರಿಂದ ಒಂದಡಿ ಅಗಲದ ನಾಲ್ಕು ಪಟ್ಟಿ ತೆಗೆದು ಗೋಡೆಯಂಚಿಗೆ ಜೋಡಿಸಿದರೆ 23 ಗಜ ಚಿಲ್ಲರೆಯಲ್ಲಿ ಮುಗಿಯುತ್ತದೆ. ಅಂಚು ನೇರ ಮಾಡಲು ಒಂದಿಷ್ಟು ಇಂಚು ಬೇರೆ ಬಿಡಬೇಕು. ಬೆಲೆ ಏನೋ ಉಳಿಯಿತು, ಹೊಲಿಗೆ ಹೆಚ್ಚಿತು. ಉಳಿಸುವ ಭರದಲ್ಲಿ ಪಟ್ಟಿಯನ್ನು ಅಡ್ಡಡ್ಡ ತಿರುಗಿಸಿದರೆ ಎಳೆಗಳು ಬಾಗುವ ದಿಕ್ಕು ಬದಲಾಗಿ, ಕಿಟಕಿಯ ಬೆಳಕಿಗೆ ಅದೇ ಬಣ್ಣ ಬೇರೆಯಾಗಿ ಕಾಣುತ್ತದೆ. ಎಷ್ಟು ಗಜ ಬೇಕು ಎಂದು ಹೇಳುವವರ ಬಾಯಲ್ಲೇ ಇಲ್ಲಿ ಲಾಭವೂ ಮೋಸವೂ ಇರುವುದು. ‘ನಿಜ ಹೇಳು’ ಎಂಬ ಸೂತ್ರಕ್ಕೆ ಬೆಲೆ ಬಂದದ್ದು ಈ ವಿಭಾಗದಲ್ಲೇ.

1975ರ ಸುಂಟರಗಾಳಿ ಅಂಗಡಿಯನ್ನು ಕೆಡವಿತು, ಕಟ್ಟಿ ನಿಲ್ಲಿಸಿದರು. 1983ರ ಹೊತ್ತಿಗೆ ಒಂದೇ ಮಳಿಗೆ, 2,00,000 ಚದರಡಿ, ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಮಾರಾಟ. ಆ ವರ್ಷ ಬಫೆಟ್‌ನ ಕಂಪನಿ ಬರ್ಕ್‌ಷೈರ್ ಹ್ಯಾಥವೇ ಸಿಂಹಪಾಲು ಕೊಂಡಿತು. ಸರಕು ಎಣಿಸಲಿಲ್ಲ, ಲೆಕ್ಕಪರಿಶೋಧನೆ ಮಾಡಿಸಲಿಲ್ಲ, ಒಪ್ಪಂದ ಎರಡು ಪುಟವೂ ಇರಲಿಲ್ಲ. ಅಷ್ಟು ಚುಟುಕು ಪತ್ರದಲ್ಲಿ ಒಂದು ಷರತ್ತು ಬಿಟ್ಟುಹೋಗಿತ್ತು: ಮಾರಿದವರು ಎದುರು ಅಂಗಡಿ ಇಡಬಾರದು ಎಂಬುದು. 89 ವರ್ಷದ ಮುದುಕಿಗೆ ಅದೇಕೆ ಎನ್ನಿಸಿರಬೇಕು.

1989ರಲ್ಲಿ ಕಾರ್ಪೆಟ್ ವಿಭಾಗದ ನಿರ್ಧಾರಗಳ ವಿಷಯಕ್ಕೆ ಮೊಮ್ಮಕ್ಕಳೊಂದಿಗೆ ಜಗಳ. 95 ವರ್ಷದಾಕೆ ಎದ್ದು ಹೊರನಡೆದಳು, ರಸ್ತೆಯ ಆಚೆ ಬದಿಯಲ್ಲಿ ‘ಮಿಸೆಸ್ ಬಿಸ್ ವೇರ್‌ಹೌಸ್’ ತೆರೆದಳು. ವಿದ್ಯುತ್ ಗಾಡಿಯಲ್ಲಿ ಕೂತು ವಾರಕ್ಕೆ ಏಳು ದಿನ ಓಡಾಟ. ಎರಡು ವರ್ಷದಲ್ಲಿ ಅದೂ ಲಾಭಕ್ಕೆ ಬಂತು. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇದು ಮುನಿಸಷ್ಟೇ ಅಲ್ಲ. ಗಿರಾಕಿಗಳು ಬರುತ್ತಿದ್ದದ್ದು ಬೋರ್ಡು ನೋಡಿ ಅಲ್ಲ, ಆಕೆಯನ್ನು ನೋಡಿ ಎಂಬುದು ಎರಡೂ ಕಡೆಯವರಿಗೆ ಗೊತ್ತಾಯಿತು. 1992ರಲ್ಲಿ ಬರ್ಕ್‌ಷೈರ್ ಆ ಅಂಗಡಿಯನ್ನೂ ಸುಮಾರು 50 ಲಕ್ಷ ಡಾಲರಿಗೆ ಕೊಂಡು, ಆಕೆಯನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಂಡಿತು. ಈ ಸಲ ಪೈಪೋಟಿ ಮಾಡಬಾರದೆಂಬ ಷರತ್ತಿಗೂ ಸಹಿ ಹಾಕಿಸಿಕೊಂಡರು.