ಬಿಜೇ ಬರೆದು, ಹೊಡೆದುಹಾಕಿ, ಮತ್ತೆ ಬರೆದ ಕಾರ್ಮೆನ್

ಪ್ಯಾರಿಸ್‌ನ ರಿಶಲ್ಯೂ-ದ್ರುವೋ ಮೆಟ್ರೋ ಸ್ಟೇಷನ್ನಿಂದ ಮೇಲೆ ಬಂದ್ರೆ ಒಪೆರಾ-ಕಾಮಿಕ್ ಥಿಯೇಟರ್ ಪಕ್ಕದಲ್ಲೇ. 1875ರ ಮಾರ್ಚ್ 3ನೇ ತಾರೀಕು ಫ್ರೆಂಚ್ ಸಂಗೀತಗಾರ ಜಾರ್ಜ್ ಬಿಜೇಯ ಕಾರ್ಮೆನ್ ಅನ್ನೋ ಒಪೆರಾ, ಅಂದ್ರೆ ಹಾಡಿನ ನಾಟಕ, ಮೊದಲ ಸಲ ಸ್ಟೇಜ್ ಹತ್ತಿದ್ದು ಇದೇ ಜಾಗದಲ್ಲಿ, ಆದ್ರೆ ಆ ಕಟ್ಟಡ 1887ರಲ್ಲಿ ಸುಟ್ಟುಹೋಯ್ತು, ಈಗ ನಾವು ನೋಡೋದು 1898ರಲ್ಲಿ ಶುರುವಾದ ಥಿಯೇಟರ್. ಸ್ಟೇಜ್ ಉಳಿದಿಲ್ಲ, ಕಾಗದ ಉಳಿದಿದೆ. ಬಿಜೇ ಕೈಯಾರೆ ಬರೆದ ಸ್ಕೋರು, ಅಂದ್ರೆ ಹಾಡು-ವಾದ್ಯ ಎಲ್ಲದರ ಸ್ವರ ಬರೆದಿಟ್ಟ ಪ್ರತಿ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ರೂ ದ ರಿಶಲ್ಯೂ ಹಿಡಿದು ಸ್ವಲ್ಪ ನಡೆದ್ರೆ ಆ ಗ್ರಂಥಾಲಯದ ಹಳೇ ಕಟ್ಟಡ. ರಿಪೇರಿ ಎಲ್ಲ ಮುಗಿದು 2022ರಲ್ಲಿ ಮತ್ತೆ ತೆರೆದ ಮೇಲೆ ಇಲ್ಲಿನ ಮೊಟ್ಟೆಯಾಕಾರದ ದೊಡ್ಡ ಓದುವ ಹಾಲ್‌ಗೆ ಯಾರು ಬೇಕಾದ್ರೂ ಹೋಗಬಹುದು, ದುಡ್ಡೂ ಇಲ್ಲ. ಮೇಲೆ ಗಾಜಿನ ಸೂರು, ಸುತ್ತ ಪುಸ್ತಕದ ಗೋಡೆ. ಅಷ್ಟು ಹಳೇ ಮೂಲ ಪ್ರತಿನ ನಮ್ಮಂಥವರ ಕೈಗೆ ಕೊಡೋಕಾಗಲ್ಲ, ಅದು ನ್ಯಾಯವೇ. ಗ್ರಂಥಾಲಯದವರದ್ದೇ ಗ್ಯಾಲಿಕಾ ಅನ್ನೋ ಡಿಜಿಟಲ್ ಸಂಗ್ರಹ ಇದೆಯಲ್ಲ, ಅಲ್ಲೇ ಕೂತು ಲ್ಯಾಪ್‌ಟಾಪ್‌ನಲ್ಲಿ ಅದನ್ನೇ ತೆಗೆದ್ವಿ. ನಮ್ಮಕ್ಕ ವಯಲಿನ್ ಕಲಿತವಳು, ಪಾಶ್ಚಾತ್ಯ ಸ್ವರಲಿಪಿ (ಸ್ಟಾಫ್ ನೊಟೇಶನ್) ಓದ್ತಾಳೆ, ನಾನು ಅವಳ ಬೆರಳು ಹೋದ ಕಡೆ ನೋಡ್ತಾ ಹೋದೆ.

ಕಾರ್ಮೆನ್ ಹಾಡೋ ಹಬನೇರಾ ಅನ್ನೋ ಹಾಡಿನ ಹತ್ರ ತುಂಬಾ ಹೊತ್ತು ನಿಂತ್ವಿ. ಕೆಳಗೆ ಸೆಲ್ಲೋ ಸಾಲಲ್ಲಿ ರೆ-ಲಾ-ಫಾ-ಲಾ, ಮತ್ತೆ ರೆ-ಲಾ-ಫಾ-ಲಾ, ಹಾಡು ಮುಗಿಯೋವರೆಗೂ ಅದೇ ತೂಗು, ಅದರ ಮೇಲೆ ಕಾರ್ಮೆನ್ ದನಿ ಒಂದೊಂದೇ ಅರ್ಧ ಸ್ವರ ಜಾರ್ತಾ ಇಳಿಯುತ್ತೆ. ಇಷ್ಟೇ ಸಾಮಗ್ರಿಲಿ ಇಷ್ಟು ಸೆಳೆತ! ಮೊದಲು ಬಿಜೇ ಇಲ್ಲಿ ಬೇರೆಯದೇ ಹಾಡು ಬರೆದಿದ್ದ, ಕಾರ್ಮೆನ್ ಪಾತ್ರದ ಗಾಯಕಿ ಗಾಲಿ-ಮಾರಿಯೇಗೆ ಅದು ಹಿಡಿಸಲಿಲ್ಲ, ಮತ್ತೆ ಮತ್ತೆ ತಿದ್ದಿದ. ಕೊನೆಗೆ ಜಾನಪದ ಧಾಟಿ ಅಂದುಕೊಂಡು ಎತ್ತಿಕೊಂಡಿದ್ದು ಇರಾದಿಯೇರ್ ಅನ್ನೋ ಸ್ಪೇನಿನ ಸಂಗೀತಗಾರನ ಹಾಡು ಅಂತ ಗೊತ್ತಾದಾಗ, ಅಚ್ಚಾದ ಪುಸ್ತಕದಲ್ಲಿ ಅದನ್ನ ಹೇಳಿಯೇ ಹಾಕಿಸಿದ. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಹೊಡೆದುಹಾಕಿದ ಜಾಗಗಳನ್ನ ನೋಡಬೇಕು ನೀವು. "ಎಷ್ಟು ಚೆನ್ನಾಗಿದೆ ಕಣೋ ಇದು, ಯಾಕೋ ತೆಗೆದ?" ಅಂತ ಅಕ್ಕ ಸಂಕಟಪಟ್ಟಳು. ಕಾರಣ ರಿಹರ್ಸಲ್‌ನಲ್ಲಿದೆ. ಕೋರಸ್‌ನ ಹೆಂಗಸರು ಸ್ಟೇಜ್ ಮೇಲೆ ಸಿಗರೇಟ್ ಸೇದ್ತಾ ಓಡಾಡ್ತಾ ಜಗಳ ಆಡ್ತಾ ಹಾಡಬೇಕಿತ್ತು, ಆಗಲ್ಲ ಅಂದ್ರು, ವಾದ್ಯದವರು ಕೆಲವು ಕಡೆ ನುಡಿಸೋಕೇ ಆಗಲ್ಲ ಅಂದ್ರು. ಒಪೆರಾ-ಕಾಮಿಕ್ ಅಂದ್ರೆ ನಗಿಸೋದೇ ಆಗಬೇಕಿಲ್ಲ, ಹಾಡಿನ ನಡುವೆ ಮಾತಿರೋ ಪ್ರಕಾರ ಅಷ್ಟೇ, ಆದ್ರೂ ಅದು ಸಂಸಾರಸ್ಥರು ಬರ್ತಿದ್ದ ಥಿಯೇಟರು, ನಾಯಕಿನ ಕೊಲ್ಲೋ ಕಥೆ ಅಲ್ಲಿನವರಿಗೇ ದಿಗಿಲು ಹುಟ್ಟಿಸಿತ್ತು.

ಮಾರನೇ ದಿನ ಆರ್‌ಇಆರ್ ರೈಲು ಹತ್ತಿ ರುಯೇ-ಮಾಲ್ಮೇಸಾನ್‌ನಲ್ಲಿ ಇಳಿದು ಬಸ್ಸಲ್ಲಿ ಬೂಜಿವಾಲ್‌ಗೆ ಹೋದ್ವಿ, ಸೇನ್ ನದಿ ದಡದ ಊರು. 1874ರ ಬೇಸಿಗೆಲಿ ಬಿಜೇ ಇಲ್ಲೇ ಕೂತು ಸುಮಾರು 1200 ಪುಟದ ವಾದ್ಯವೃಂದದ ಬರವಣಿಗೆ ಎರಡು ತಿಂಗಳಲ್ಲಿ ಮುಗಿಸಿದ್ದ. ಮಾರನೇ ವರ್ಷ ಜೂನ್ 3ಕ್ಕೆ, ಮೊದಲ ಪ್ರದರ್ಶನ ಆಗಿ ಸರಿಯಾಗಿ ಮೂರು ತಿಂಗಳಿಗೆ, ಇಲ್ಲೇ ತೀರಿಕೊಂಡ, ವಯಸ್ಸು ಬರೀ 36. ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಆಡಿದಾಗ ಮಾತಿದ್ದ ಕಡೆ ಬಿಜೇಯ ಗೆಳೆಯ, ಸಂಗೀತಗಾರ ಗಿರೋ, ಆ ಮಾತನ್ನೇ ಹಾಡೋ ಹಾಗೆ ಮಾಡಿ ಸೇರಿಸಿದ, ಪ್ರಪಂಚ ಬಹಳ ಕಾಲ ಕೇಳಿದ್ದು ಆ ರೂಪವನ್ನೇ. 1964ರಲ್ಲಿ ಸಂಗೀತ ವಿದ್ವಾಂಸ ಫ್ರಿಟ್ಸ್ ಓಯ್ಸರ್ ಹಳೇ ಪ್ರತಿಗಳನ್ನ ಹುಡುಕಿ ತೆಗೆದುಹಾಕಿದ್ದ ಎಷ್ಟೋ ಭಾಗ ವಾಪಸ್ ಸೇರಿಸಿದ್ರು, ಬಿಜೇ ತಾನೇ ಬೇಡ ಅಂದಿದ್ದನ್ನೂ ತುರುಕಿದ್ದಾರೆ ಅಂತ ಇನ್ನೊಬ್ಬ ವಿದ್ವಾಂಸ ವಿನ್ಟನ್ ಡೀನ್ ತರಾಟೆಗೆ ತಗೊಂಡ್ರು.

ವಾಪಸ್ ಬರೋ ಬಸ್ಸಲ್ಲಿ ನಮ್ಮಿಬ್ಬರದ್ದೂ ಅದೇ ವಾದ. ಜಗಳದ ಕೋರಸ್ ಪೂರ್ತಿ ಕೇಳಬೇಕು, ಹಾಡೋಕೆ ಬರದವರಿಂದಾಗಿ ಕತ್ತರಿ ಬಿದ್ದಿದ್ದು ಅದು, ಬಿಜೇ ಮನಸ್ಸಿಂದ ಅಲ್ಲ ಅಂತ ಅಕ್ಕ. ಗಿರೋ ಸೇರಿಸಿದ್ದು ಬೇಡ, ಮಾತು ಮಾತಾಗೇ ಇರಲಿ ಅನ್ನೋದಕ್ಕೆ ಇಬ್ಬರೂ ಒಪ್ಪಿದ್ವಿ. ಆದ್ರೆ ಕತ್ತರಿ ಬಿದ್ದ ಪುಟಗಳು ಹೊರಗೇ ಇರಲಿ ಅನ್ನೋದರಲ್ಲಿ ನಾನು ಬಗ್ಗಲಿಲ್ಲ, ಯಾಕಂದ್ರೆ 1875ರಲ್ಲಿ ಹಾಡುಗಾರರಿಗೆ ಅಂತ ಪಿಯಾನೋ ಜೊತೆ ಅಚ್ಚಾದ ಪುಸ್ತಕನ ನೋಡಿ ಒಪ್ಪಿ ಪ್ರೆಸ್ಸಿಗೆ ಕೊಟ್ಟಿದ್ದು ಬಿಜೇ ತಾನೇ.