ಆ ನಾಯಿ ಕಥೆ ನಮ್ಮ ಮುಂಗುಸಿ ಕಥೆಯೇ ಅಲ್ವಾ?

ಬ್ರಿಟನ್ನಿಗೆ ಬಂದ ನೆಂಟರನ್ನೆಲ್ಲ ನಾನು ಬೆದ್‌ಗೆಲರ್ಟ್‌ಗೆ ಕರೆದುಕೊಂಡು ಹೋಗುತ್ತೇನೆ. ಉತ್ತರ ವೇಲ್ಸ್‌ನ ಬೆಟ್ಟಗಳ ಮಧ್ಯೆ, ಗ್ಲಾಸ್ಲಿನ್ ಮತ್ತು ಕೊಲ್ವಿನ್ ಎಂಬ ಎರಡು ಹೊಳೆ ಸೇರುವ ಕಡೆ ಇರುವ ಪುಟ್ಟ ಊರು. ಕಲ್ಲಿನ ಮನೆಗಳು, ಒಂದು ಕಲ್ಲಿನ ಸೇತುವೆ, ಜನ ಐನೂರರ ಆಸುಪಾಸು. ಹೊಳೆ ದಂಡೆ ಹಿಡಿದು ಸ್ವಲ್ಪ ದೂರ ನಡೆದರೆ ಹುಲ್ಲುಗಾವಲಿನಲ್ಲಿ ಒಂದು ಮರ, ಸುತ್ತ ಕಬ್ಬಿಣದ ಬೇಲಿ, ಒಳಗೆ ಗೆಲರ್ಟ್ ಅನ್ನೋ ನಾಯಿಯ ಸಮಾಧಿ.

ಅಲ್ಲಿ ಸ್ಲೇಟಿನ ಕಲ್ಲಿನ ಮೇಲೆ ಕಥೆ ಕೆತ್ತಿದ್ದಾರೆ. ಒಂದು ವೇಲ್ಶ್ ಭಾಷೆಯಲ್ಲಿ, ಒಂದು ಇಂಗ್ಲಿಷಿನಲ್ಲಿ. 13ನೇ ಶತಮಾನದಲ್ಲಿ ಲಿವೆಲಿನ್ ಎಂಬ ರಾಜ ಬೇಟೆಗೆ ಹೋದ. ಅವತ್ತು ಗೆಲರ್ಟ್ ಜೊತೆಗೆ ಬರಲಿಲ್ಲ. ವಾಪಸ್ ಬಂದರೆ ನಾಯಿ ಮೈಯೆಲ್ಲ ರಕ್ತ, ಬಾಲ ಅಲ್ಲಾಡಿಸುತ್ತಾ ಎದುರು ಓಡಿಬಂತು. ಒಳಗೆ ತೊಟ್ಟಿಲು ಮಗುಚಿದೆ, ಮಗು ಕಾಣಿಸುತ್ತಿಲ್ಲ. ರಾಜ ಕತ್ತಿ ಎಳೆದು ನಾಯಿಗೆ ಇರಿದ. ನಾಯಿಯ ಕೊನೆ ಕೂಗಿಗೆ ಮಗು ಅತ್ತಿತು. ಹುಡುಕಿದರೆ ಮಗು ಚೆನ್ನಾಗಿಯೇ ಇದೆ, ಪಕ್ಕದಲ್ಲಿ ಸತ್ತ ತೋಳ. ರಾಜ ಆಮೇಲೆ ಯಾವತ್ತೂ ನಗಲಿಲ್ಲವಂತೆ.

ಇಷ್ಟು ಓದಿ ಹೇಳುವಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತದೆ. ಕಳೆದ ಸಲ ನನ್ನ ಸೋದರತ್ತೆ ಪೂರ್ತಿ ಕೇಳಲೂ ಇಲ್ಲ. "ಅಯ್ಯೋ, ಇದು ನಮ್ಮ ಮುಂಗುಸಿ ಕಥೆ ಕಣೋ! ಕೊಡ ಎಲ್ಲಿ ಹೋಯ್ತು?" ಅಂದರು.

ಕೊಡ ಅಂದದ್ದು ಸರಿಯೇ. ನಾವು ಚಿಕ್ಕವರಿದ್ದಾಗ ಕೇಳಿದ್ದರಲ್ಲಿ ತಾಯಿ ನೀರು ತರಲು ಹೋಗಿರುತ್ತಾಳೆ. ಬಾಯಿಗೆ ರಕ್ತ ಮೆತ್ತಿಕೊಂಡ ಮುಂಗುಸಿ ಬಾಗಿಲಲ್ಲಿ ಕಾಣುತ್ತಲೂ ತುಂಬಿದ ಕೊಡವನ್ನೇ ಅದರ ಮೇಲೆ ಎತ್ತಿಹಾಕುತ್ತಾಳೆ. ಒಳಗೆ ಹೋದರೆ ಮಗು ನಿದ್ದೆಯಲ್ಲಿ, ಕೆಳಗೆ ತುಂಡಾದ ಹಾವು.

ಹೌದು ಅತ್ತೆ, ಅದೇ ಕಥೆ. ಆದರೆ ಎಲ್ಲರೂ ಮುಂದೆ ಕೇಳುವ "ಹಾಗಾದ್ರೆ ನಮ್ಮಿಂದ ಕದ್ದರಾ?" ಅನ್ನೋದಕ್ಕೆ ನಾನು ಹೂಂ ಅನ್ನುವುದಿಲ್ಲ.

ಈ ಮುಂಗುಸಿ ಕಥೆ ಇರುವ ಪಂಚತಂತ್ರ 6ನೇ ಶತಮಾನದಲ್ಲಿ ಪರ್ಷಿಯಾದ ಪಹ್ಲವಿ ಭಾಷೆಗೆ ಹೋಯಿತು. 8ನೇ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಅದನ್ನು ಅರಬ್ಬಿಗೆ ತಂದ. ಅಲ್ಲಿಂದ ಹೀಬ್ರೂ, ಆಮೇಲೆ ಲ್ಯಾಟಿನ್. ನಮ್ಮ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದದ್ದು 1031ರ ಸುಮಾರಿಗೆ, ಅಂದರೆ ಈ ಲಿವೆಲಿನ್ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ. ಮುಂಗುಸಿ ಕಥೆ ಬೇರೆ ದಾರಿಯಿಂದಲೂ ಹೋಯಿತು. ಏಳು ಜ್ಞಾನಿಗಳು ಹೇಳುವ ಕಥೆಗಳ ಒಂದು ಪುಸ್ತಕ ಯುರೋಪಿನ ತುಂಬ ಓಡಾಡುತ್ತಿತ್ತು, ಅದರಲ್ಲೂ ಇದು ಸೇರಿಕೊಂಡಿತು. ಯುರೋಪಿನ ಹಳ್ಳಿಯವರಿಗೆ ಮುಂಗುಸಿ ಎಲ್ಲಿ ಗೊತ್ತು? ಅದು ಬೇಟೆನಾಯಿಯಾಯಿತು. ಹಾವು ಮಾತ್ರ ಹಾಗೇ ಇತ್ತು. ವೇಲ್ಸ್‌ಗೆ ಬಂದ ಮೇಲೆ ಹಾವೂ ಹೋಗಿ ತೋಳ ಬಂತು.

ಫ್ರಾನ್ಸಿನಲ್ಲಿ ಇದು ಇನ್ನೂ ಮುಂದೆ ಹೋಯಿತು. ಲಿಯೋನ್ ಹತ್ತಿರದ ಹಳ್ಳಿ ಹೆಂಗಸರು ಗಿನೆಫೋರ್ ಎಂಬ ನಾಯಿಯ ಸಮಾಧಿಗೆ ಹರಕೆ ಹೊತ್ತು, ಕಾಯಿಲೆ ಮಕ್ಕಳನ್ನು ತರುತ್ತಿದ್ದರು. ಅದೂ ಇದೇ ಕಥೆಯ ನಾಯಿ. 13ನೇ ಶತಮಾನದಲ್ಲಿ ಸ್ಟೀಫನ್ ಎಂಬ ಪಾದ್ರಿಗೆ ಇದು ಗೊತ್ತಾಗಿ, ಮೂಳೆ ಅಗೆಸಿ ಸುಡಿಸಿಬಿಟ್ಟ.

ಹೀಗೆ ಊರಿಂದೂರಿಗೆ ಬಂದದ್ದನ್ನು ಕಳ್ಳತನ ಅಂದರೆ ಹೇಗೆ? ವೇಲ್ಶ್ ಜನಕ್ಕೆ ಗಾದೆಯೇ ಇದೆ: ತನ್ನ ಬೇಟೆನಾಯಿಯನ್ನು ಕೊಂದವನಷ್ಟು ಪಶ್ಚಾತ್ತಾಪ ಅಂತ.

ಸಮಾಧಿ ವಿಷಯ ಬೇರೆ. ಅದು ಡೇವಿಡ್ ಪ್ರಿಚರ್ಡ್ ಎಂಬ ಹೋಟೆಲಿನವನ ಕೆಲಸ. 18ನೇ ಶತಮಾನದ ಕೊನೆಗೆ ದಕ್ಷಿಣ ವೇಲ್ಸ್‌ನಿಂದ ಈ ಊರಿಗೆ ಬಂದು, ಗೋಟ್ ಹೋಟೆಲ್ ನಡೆಸಿದವನು. ಆಗ ಫ್ರಾನ್ಸ್ ಜೊತೆ ಯುದ್ಧ. ಯುರೋಪ್ ಸುತ್ತುತ್ತಿದ್ದ ಇಂಗ್ಲಿಷ್ ಸಾಹುಕಾರರಿಗೆ ಅತ್ತ ದಾರಿ ಬಂದ್, ಬೆಟ್ಟ ನೋಡೋಕೆ ಅಂತ ವೇಲ್ಸ್‌ಗೇ ಬರತೊಡಗಿದ್ದರು. ಬಂದವರಿಗೆ ಏನಾದರೂ ತೋರಿಸಬೇಕಲ್ಲ! ಊರಿನ ಹೆಸರಲ್ಲೇ 'ಬೆದ್' ಇದೆ, ಹಾಗೆಂದರೆ ಸಮಾಧಿ. ಸಮಾಧಿ ಇಲ್ಲದಿದ್ದರೇನು, ಒಂದೆರಡು ಜನರ ಸಹಾಯ ತೆಗೆದುಕೊಂಡು ಪ್ರಿಚರ್ಡ್ ಕಲ್ಲು ತಂದು ನಿಲ್ಲಿಸಿದ. 1800ರಲ್ಲಿ ಸ್ಪೆನ್ಸರ್ ಎಂಬ ಕವಿ ಇದರ ಮೇಲೆ ಪದ್ಯ ಬರೆದ, ಆಸ್ಟ್ರಿಯಾದ ಹೆಸರಾಂತ ಸಂಗೀತಗಾರ ಹೈಡನ್ ಅದಕ್ಕೆ ಸಂಗೀತ ಹೊಂದಿಸಿದ. ಇನ್ನೇನು ಬೇಕು? ನನಗೆ ಪ್ರಿಚರ್ಡ್ ಮೇಲೆ ಸಿಟ್ಟಿಲ್ಲ. ಅವನ ಕಲ್ಲಿನಿಂದ ಇನ್ನೂರು ವರ್ಷ ಊರಿಗೆ ಊಟ ಸಿಕ್ಕಿದೆ. ಸುತ್ತಲಿನ ತಾಮ್ರದ ಗಣಿಗಳು ಮುಚ್ಚಿಹೋದವು, ಈ ನಾಯಿ ಮಾತ್ರ ಇನ್ನೂ ದುಡಿಯುತ್ತಿದೆ.

ಊರಿಗೆ ಹೆಸರು ಬಂದದ್ದು ಕೆಲರ್ಟ್ ಎಂಬ ಹಳೇ ಕಾಲದ ಸಂತನಿಂದ ಅನ್ನುತ್ತಾರೆ. ಊರಿನ ಸೇಂಟ್ ಮೇರಿ ಚರ್ಚ್ ಇರುವ ಜಾಗದಲ್ಲಿ 13ನೇ ಶತಮಾನದಲ್ಲಿ ಸನ್ಯಾಸಿಗಳ ಮಠವಿತ್ತು. ನಾಯಿ ನೋಡಲು ಬಂದವರಲ್ಲಿ ಈ ಚರ್ಚ್ ಒಳಗೆ ಹೋಗುವವರು ಕಮ್ಮಿ. ಹತ್ತಿರದ ದಿನಾಸ್ ಎಮ್ರಿಸ್ ಗುಡ್ಡ ಹತ್ತುವವರು ಇನ್ನೂ ಕಮ್ಮಿ. ನನ್ನನ್ನು ಕೇಳಿದರೆ ಮೊದಲು ಅಲ್ಲಿಗೆ ಹೋಗಬೇಕು. ವೋರ್ಟಿಗರ್ನ್ ಎಂಬ ದೊರೆ ಅಲ್ಲಿ ಕೋಟೆ ಕಟ್ಟಲು ಹೋದರೆ ಕಟ್ಟಿದ್ದೆಲ್ಲ ನಿಲ್ಲುತ್ತಲೇ ಇರಲಿಲ್ಲವಂತೆ. ಕೆಳಗೆ ನೀರಿನ ಹೊಂಡದಲ್ಲಿ ಕೆಂಪು, ಬಿಳಿ ಎರಡು ಡ್ರ್ಯಾಗನ್ ಕಾದಾಡುತ್ತಿವೆ ಅಂತ ಒಬ್ಬ ಹುಡುಗ ಹೇಳಿದನಂತೆ. 9ನೇ ಶತಮಾನದ ಪುಸ್ತಕದಲ್ಲೇ ಈ ಕಥೆ ಇದೆ. 1950ರ ದಶಕದಲ್ಲಿ ಅಗೆದು ನೋಡಿದವರಿಗೆ ಗುಡ್ಡದ ಮೇಲೆ ನಿಜವಾಗಿಯೂ ಒಂದು ಹೊಂಡ ಸಿಕ್ಕಿತು. ಆ ಕೆಂಪು ಡ್ರ್ಯಾಗನ್ನೇ ಇವತ್ತು ವೇಲ್ಸ್ ಬಾವುಟದ ಮೇಲಿರುವುದು.

ಅತ್ತೆಗೆ ಮಂಡಿ ನೋವು, ಗುಡ್ಡ ಬೇಡ ಅಂದರು. ಅವರಿಗೆ ರಾಜನ ಚಿಂತೆ. "ಆ ಲಿವೆಲಿನ್ ಆದ್ರೂ ಇದ್ದನೋ, ಅವನೂ ಕಥೆಯೋ?" ಇದ್ದ. ಇಂಗ್ಲೆಂಡಿನ ಜಾನ್ ದೊರೆಯ ಅಳಿಯ. ಗೆಲರ್ಟ್ ಮಾವ ಕೊಟ್ಟ ನಾಯಿ ಅಂತಲೂ ಹೇಳುತ್ತಾರೆ. ಸತ್ತದ್ದು 1240ರಲ್ಲಿ. ಅವನ ಕಲ್ಲಿನ ಶವಪೆಟ್ಟಿಗೆ ಲಾನ್‌ರೂಸ್ಟ್ ಊರಿನ ಚರ್ಚಿನಲ್ಲಿದೆ. ಮನೆಗೆ ಹೋಗುವ ದಾರಿಯಲ್ಲೇ ಸಿಗುತ್ತದೆ ಅಂತ ಕರೆದುಕೊಂಡು ಹೋದೆ.

ಪೆಟ್ಟಿಗೆಯ ಪಕ್ಕಗಳಲ್ಲಿ ಸಾಲಾಗಿ ನಾಲ್ಕೆಸಳಿನ ಹೂವಿನಂಥ ಕೆತ್ತನೆ. ಮೇಲೆ ಮುಚ್ಚಳ ಇಲ್ಲ. ಅತ್ತೆ ಸೆರಗು ಹಿಡಿದುಕೊಂಡು ಬಗ್ಗಿ ಒಳಗೆ ನೋಡಿದರು. ಖಾಲಿ.

"ನಾಯಿ ಸಮಾಧೀಲಿ ನಾಯಿ ಇಲ್ಲ, ರಾಜನ ಪೆಟ್ಟಿಗೇಲಿ ರಾಜ ಇಲ್ಲ. ನಡಿ, ಎಲ್ಲಾದ್ರೂ ಒಳ್ಳೆ ಕಾಫಿನಾದ್ರೂ ಇದ್ಯಾ ನೋಡೋಣ."