ಐದಕ್ಕೆ ಐದು ಕೂಡಿದರೆ 25

ಹೊಸ ರಿಸ್ಕ್-ಫೈವ್ (ಒಂದು ಪ್ರೊಸೆಸರ್ ವಿನ್ಯಾಸ) ಬೋರ್ಡ್ ಮೇಜಿನ ಮೇಲಿತ್ತು. ಓಎಸ್ ಇಲ್ಲ, ಎಸ್‌ಡಿಕೆ (ಪ್ರೋಗ್ರಾಂ ಬರೆಯೋ ಸಲಕರಣೆಗಳ ಕಿಟ್) "ಮುಂದಿನ ವಾರ" ಬರುತ್ತಲೇ ಇತ್ತು. ಅಲ್ಲಿಯವರೆಗೆ ರಿಜಿಸ್ಟರ್‌ಗಳನ್ನು ಕೆದಕಿ ನೋಡೋಕೆ ಫೋರ್ತ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹಾಕೋಣ ಅಂದೆ. ಮ್ಯಾನೇಜರ್ ಮುಖ ಸಿಂಡರಿಸಿದರು. 1970ರ ಆಸುಪಾಸಿನ ಭಾಷೆ, ಯಾಕೆ ಬೇಕು ಅಂತ.

ಯುಎಆರ್‌ಟಿಯಲ್ಲಿ (ಸೀರಿಯಲ್ ಪೋರ್ಟ್) ಅಕ್ಷರ ಕಳಿಸೋ ಎಮಿಟ್, ಆಮೇಲೆ ಅಕ್ಷರ ಓದೋ ಕೀ, ಆಮೇಲೆ ಸಂಖ್ಯೆಗಳನ್ನಿಡೋ ಸ್ಟ್ಯಾಕ್, ವರ್ಡ್‌ಗಳನ್ನು (ಫೋರ್ತ್‌ನ ಕಮಾಂಡ್‌ಗಳು) ಇಡೋ ಡಿಕ್ಷನರಿ. ಓಕೆ ಪ್ರಾಂಪ್ಟ್ ಬಂತು. ವೇಗ ಇರಲಿ ಅಂತ ಸಬ್‌ರುಟೀನ್ ಥ್ರೆಡಿಂಗ್ ಮಾಡಿದ್ದೆ, ಅಂದರೆ ಪ್ರತಿ ವರ್ಡ್ ನೇರ ಮೆಷಿನ್ ಕೋಡ್ ಆಗುತ್ತೆ. ಕ್ಯೂಎಮುನಲ್ಲಿ (ಚಿಪ್ಪನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸೋ ಎಮ್ಯುಲೇಟರ್) ಟೆಸ್ಟೆಲ್ಲ ಪಾಸ್.

ಡೆಮೊ ದಿನ ಮ್ಯಾನೇಜರ್ ಕುರ್ಚಿ ಹಿಂದೆಯೇ ನಿಂತಿದ್ದರು. ಸುಮ್ನೆ ಒಂದು ಚಿಕ್ಕ ವರ್ಡ್ ಟೈಪ್ ಮಾಡಿದೆ (ಡ್ಯೂಪ್ ಅಂದರೆ ಸಂಖ್ಯೆಯ ನಕಲು, * ಗುಣಾಕಾರ, ಚುಕ್ಕೆ ಉತ್ತರ ತೋರಿಸುತ್ತೆ):

: ಟಿ ಡ್ಯೂಪ್ * ;
5 ಟಿ .

25 ಬಂತು. ಫರ್ಗೆಟ್ ಟಿ ಕೊಟ್ಟು ಅದನ್ನು ಅಳಿಸಿ, ಗುಣಾಕಾರದ ಜಾಗಕ್ಕೆ ಕೂಡಿಸೋದು ಹಾಕಿ ಮತ್ತೆ ಬರೆದೆ. 10 ಬರಬೇಕು, ಅಲ್ವಾ? 25.

"ಇದಕ್ಕೆ ಕೂಡೋಕೆ ಬರಲ್ವಾ?" ಅಂದರು.

ವರ್ಡ್‌ನ ಒಳಗೇನಿದೆ ಅಂತ ತೋರಿಸೋ ಸೀ ಕೊಟ್ಟು ನೋಡಿದೆ. ಪ್ಲಸ್ ಅಂತಲೇ ಇದೆ. ಓಡಿಸಿದೆ, 25. ಜೆಟ್ಯಾಗ್ ಡೀಬಗರ್ ಹಾಕಿ ಒಂದೊಂದೇ ಸ್ಟೆಪ್ ನಡೆಸಿದೆ, 10! ಡೀಬಗರ್ ಬಿಚ್ಚಿ, ರೀಸೆಟ್ ಮಾಡಿ, ಮೊದಲಿಂದ ಎರಡೂ ಟೈಪ್ ಮಾಡಿದೆ. ಮತ್ತೆ 25. ಫರ್ಗೆಟ್‌ನಲ್ಲಿ ಲೇಟೆಸ್ಟ್ ಪಾಯಿಂಟರ್ (ಕೊನೆಯ ವರ್ಡ್ ಎಲ್ಲಿದೆ ಅನ್ನೋ ಗುರುತು) ಎಡವಟ್ಟಾಗಿದೆ ಅಂದುಕೊಂಡು ಅದನ್ನೇ ಸಂಜೆವರೆಗೂ ಹಿಂಜಿದೆ. ಅದರಲ್ಲಿ ಏನೂ ತಪ್ಪಿರಲಿಲ್ಲ.

ಫರ್ಗೆಟ್ ಆದಮೇಲೆ ಹಿಯರ್ (ಮುಂದಿನ ಕೋಡ್ ಬರೆಯೋ ಜಾಗದ ಗುರುತು) ಹಳೇ ವಿಳಾಸಕ್ಕೇ ವಾಪಸ್ ಬರುತ್ತೆ. ಹೊಸ ಕೋಡ್ ಡೇಟಾ ಕಡೆಯಿಂದ ಅಲ್ಲೇ ಹೋಗಿ ಕೂರುತ್ತೆ. ಓಡಿಸೋ ಕೋಡ್‌ನ ನಕಲು ಇಟ್ಟುಕೊಳ್ಳೋ ಇನ್‌ಸ್ಟ್ರಕ್ಷನ್ ಕ್ಯಾಶ್‌ಗೆ ಮಾತ್ರ ಆ ಸುದ್ದಿಯೇ ಇಲ್ಲ, ಹಳೇ ಗುಣಾಕಾರವನ್ನೇ ಓಡಿಸ್ತಾ ಇತ್ತು. ಸೀ ಓದೋದು ಡೇಟಾ ಕಡೆಯಿಂದ, ಹಾಗಾಗಿ ಅದಕ್ಕೆ ಸರಿಯಾಗೇ ಕಾಣುತ್ತೆ. ನಮ್ಮ ಡೀಬಗರ್ ಸಾಫ್ಟ್‌ವೇರ್ ಓಪನ್‌ಒಸಿಡಿ ಪ್ರತಿ ಸ್ಟೆಪ್‌ಗೂ ಮುಂಚೆ ತಾನೇ ಫೆನ್ಸ್ ಡಾಟ್ ಐ (ಹೊಸ ಕೋಡನ್ನೇ ಓಡಿಸು ಅಂತ ಪ್ರೊಸೆಸರ್‌ಗೆ ಹೇಳೋ ಇನ್‌ಸ್ಟ್ರಕ್ಷನ್) ಓಡಿಸಿಬಿಡುತ್ತಿತ್ತು, ಅದಕ್ಕೇ ಅಲ್ಲಿ 10. ಕ್ಯೂಎಮುನಲ್ಲಂತೂ ಕ್ಯಾಶೇ ಇಲ್ಲ. ಎಕ್ಸ್86ನಲ್ಲಾದರೆ (ಮಾಮೂಲಿ ಪಿಸಿಗಳ ಪ್ರೊಸೆಸರ್) ಹಾರ್ಡ್‌ವೇರೇ ಇದನ್ನು ನೋಡಿಕೊಳ್ಳುತ್ತೆ, ಅಲ್ಲಿ ಬೆಳೆದ ಅಭ್ಯಾಸ ಇಲ್ಲಿ ಕೈ ಕೊಡುತ್ತೆ.

ಡೆಫಿನಿಷನ್ ಮುಗಿಸೋ ಸೆಮಿಕೋಲನ್ ವರ್ಡ್‌ನ ಕೊನೆಗೆ ಒಂದು ಫೆನ್ಸ್ ಡಾಟ್ ಐ ಹಾಕಿದೆ. 10 ಬಂತು. ಇನ್‌ಡೈರೆಕ್ಟ್ ಥ್ರೆಡಿಂಗ್ ಇಟ್ಟುಕೊಂಡಿದ್ದರೆ ಕೋಲನ್ ಡೆಫಿನಿಷನ್ (ಟಿ ತರಹದ ವರ್ಡ್) ಬರೀ ವಿಳಾಸಗಳ ಪಟ್ಟಿ, ಅಂದರೆ ಡೇಟಾ. ಆಗ ಇದು ಬೀಳ್ತಾನೇ ಇರಲಿಲ್ಲ, ಅಸೆಂಬ್ಲಿಯಲ್ಲಿ ಬರೆಯೋ ಕೋಡ್ ವರ್ಡ್‌ಗಳಲ್ಲಿ ಮಾತ್ರ ಕಾಡುತ್ತಿತ್ತು. ಹೊಸ ಬೋರ್ಡ್‌ಗೆ ಮೊದಲು ಇನ್‌ಡೈರೆಕ್ಟ್ ಥ್ರೆಡಿಂಗನ್ನೇ ಹಾಕಿ, ವೇಗ ಆಮೇಲೆ ನೋಡಿಕೊಳ್ಳಬಹುದು. ಎಮ್ಯುಲೇಟರ್‌ನಲ್ಲಿ ಪಾಸ್ ಆಗಿದೆ ಅನ್ನೋ ಸ್ಟೇಟಸ್ ಸಾಲನ್ನು ನಾನಂತೂ ಈಗ ನಂಬಲ್ಲ.

ಇನ್ನೊಂದು. ಫೆನ್ಸ್ ಡಾಟ್ ಐ ತಾನು ಓಡಿದ ಹಾರ್ಟ್‌ಗೆ (ಹಾರ್ಡ್‌ವೇರ್ ಥ್ರೆಡ್, ಇಲ್ಲಿ ಒಂದು ಕೋರ್) ಮಾತ್ರ ಅನ್ವಯ. ಎರಡನೇ ಕೋರ್ ಕೂಡ ಅದೇ ಡಿಕ್ಷನರಿ ಓಡಿಸೋದಾದರೆ, ಅದಕ್ಕೆ ಇಂಟರಪ್ಟ್ ಕಳಿಸಿ ಅಲ್ಲೂ ಓಡಿಸಬೇಕು.